ನೆಲಕ್ಕೆ ಎಸೆದರೂ 39.6

ಪಂದ್ಯ ಮುಗಿದು ಆಟಗಾರರು ಹೆಲ್ಮೆಟ್ ಕಳಚುವ ಮೊದಲೇ ಟೀವಿ ಪರದೆಯ ಕೆಳಗಂಚಿನಲ್ಲಿ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಹೆಸರೂ ಅದರ ಮಗ್ಗುಲಲ್ಲಿ ದಶಮಾಂಶವುಳ್ಳ ಒಂದು ಅಂಕಿಯೂ ಮೂಡುತ್ತವೆ. ಅಮೆರಿಕನ್ ಫುಟ್‌ಬಾಲ್ ನೋಡುವವರು ಈ ಪಾಸರ್ ರೇಟಿಂಗನ್ನು ಎಷ್ಟು ಸಲ ನೋಡಿದ್ದಾರೆಂದರೆ, ಅದು ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿದೆ. ಅಪರೂಪಕ್ಕೊಮ್ಮೆ ಆ ಅಂಕಿ 158.3ಕ್ಕೆ ಬಂದು ನಿಂತಾಗ ವೀಕ್ಷಕ ವಿವರಣೆಕಾರರ ಗಂಟಲು ಕಟ್ಟುತ್ತದೆ. ‘ಪರಿಪೂರ್ಣ’ ಎಂಬ ಮಾತನ್ನು ಅವರು ಮುಟ್ಟಿದರೆ ಒಡೆದೀತೆಂಬಂತೆ ಮೆಲ್ಲಗೆ ಉಚ್ಚರಿಸುತ್ತಾರೆ. ನೂರಕ್ಕೆ ನೂರು ಎಂಬುದು ನಮ್ಮಂಥ ಬಡಪಾಯಿಗಳ ಪರಿಪೂರ್ಣತೆ. ಚೆಂಡೆಸೆಯುವವರಿಗೆ ನೂರಾ ಐವತ್ತೆಂಟು ಬೇಕು, ಮೇಲೊಂದಿಷ್ಟು ಚಿಲ್ಲರೆಯೂ ಬೇಕು.

ಲೆಕ್ಕವೇನೋ ಸರಳವಾಗಿದೆ. ಎಸೆದದ್ದರಲ್ಲಿ ಎಷ್ಟು ಪಾಸ್ ಕೈಸೇರಿದವು, ಎಸೆತವೊಂದಕ್ಕೆ ಎಷ್ಟು ಗಜ ಮುನ್ನಡೆ ಬಂತು, ಎಷ್ಟು ಎಸೆತ ಎದುರಾಳಿಯ ಗೋಲು ಗೆರೆ ದಾಟಿ ಟಚ್‌ಡೌನ್ ಆದವು, ಎಷ್ಟು ಚೆಂಡು ಇಂಟರ್‌ಸೆಪ್ಷನ್ ಆಗಿ ಎದುರಾಳಿಯ ಪಾಲಾದವು ಎಂಬ ನಾಲ್ಕು ಬಾಬ್ತುಗಳನ್ನು ಎತ್ತಿಕೊಂಡು, ಒಂದರಲ್ಲಿ ಶೇಕಡಾ 30 ಕಳೆದು, ಇನ್ನೊಂದರಲ್ಲಿ 3 ಗಜ ಕಳೆದು, ಒಂದೊಂದನ್ನೂ ಒಂದೊಂದು ಅಂಕಿಯಿಂದ ಗುಣಿಸಿ, ಎದುರಾಳಿಯ ಪಾಲಾದವುಗಳ ಲೆಕ್ಕವನ್ನು ಮಾತ್ರ 2.375ರಿಂದ ಕಳೆದು, ಯಾವುದೂ ಸೊನ್ನೆಗಿಂತ ಕೆಳಗಿಳಿಯದಂತೆ, 2.375 ಮೀರದಂತೆ ಕಾದುಕೊಂಡು, ಕೊನೆಗೆ ನಾಲ್ಕನ್ನೂ ಕೂಡಿಸಿ ಆರರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಕೂಡಿಸಿದ್ದು ನಾಲ್ಕಾದರೆ ಭಾಗಿಸುವುದು ಆರರಿಂದ ಏಕೆಂದು ಕೇಳುವವರು ಗಣಿತದಲ್ಲಿ ಹಿಂದುಳಿದವರು. ಸಾಧಾರಣ ಆಟಕ್ಕೆ ತಲಾ ಒಂದು ಅಂಕ, ಒಳ್ಳೆಯ ಆಟಕ್ಕೆ ತಲಾ ಒಂದೂವರೆ. ನಾಲ್ಕು ಒಂದೂವರೆ ಸೇರಿದರೆ ಆರು. ಆದುದರಿಂದ ಆರರಿಂದ ಭಾಗಿಸಿದರೆ ಒಳ್ಳೆಯವನಿಗೆ ನೂರು ಬರುತ್ತದೆ, ಸಾಧಾರಣನಿಗೆ 66.7 ಬರುತ್ತದೆ. ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡು ಲೆಕ್ಕ ಬರೆಯುವ ಈ ವಿದ್ಯೆಯನ್ನು ಮೆಚ್ಚದಿರಲು ಸಾಧ್ಯವೆ?

ಪರಿಪೂರ್ಣನಾಗಲು ಮೊದಲ ಬಾಬ್ತಿನಲ್ಲಿ ನೂರಕ್ಕೆ 77.5 ಪಾಸ್ ಕೈಸೇರಿದರೆ ಸಾಕು. ಇಪ್ಪತ್ತೆರಡು ಎಸೆತ ಹುಲ್ಲಿನ ಮೇಲೆ ಉರುಳಾಡಿದರೂ ಪರಿಪೂರ್ಣತೆಗೆ ಚ್ಯುತಿಯಿಲ್ಲ; ನೂರಕ್ಕೆ ನೂರನ್ನೂ ಮುಟ್ಟಿಸಿದವನಿಗೆ ಆ ಬಾಬ್ತಿನಲ್ಲಿ ಎಳ್ಳಷ್ಟೂ ಹೆಚ್ಚು ದಕ್ಕುವುದಿಲ್ಲ. ಆದರೆ ನನಗೆ ಅಚ್ಚುಮೆಚ್ಚಾಗಿರುವುದು ಈ ಸೂತ್ರದ ಮೇಲ್ತುದಿಯಲ್ಲ, ಕೆಳತುದಿ. ಒಬ್ಬ ಆಟಗಾರ ಪಂದ್ಯದುದ್ದಕ್ಕೂ ಪ್ರತಿಯೊಂದು ಚೆಂಡನ್ನೂ ನೆಲಕ್ಕೆ ಅಪ್ಪಳಿಸಿದನೆಂದು ಇಟ್ಟುಕೊಳ್ಳಿ. ಕೈಸೇರಿದ್ದು ಒಂದೂ ಇಲ್ಲ, ಗಜ ಇಲ್ಲ, ಟಚ್‌ಡೌನ್ ಇಲ್ಲ. ಆದರೆ ನೆಲವು ಎದುರಾಳಿ ತಂಡದ ಸದಸ್ಯನಲ್ಲವಾದ್ದರಿಂದ ಇಂಟರ್‌ಸೆಪ್ಷನ್ನೂ ಇಲ್ಲ! ಆ ಒಂದು ಸದ್ಗುಣಕ್ಕೆ ಪೂರ್ತಿ 2.375 ಸಿಗುತ್ತದೆ, ಆರರಿಂದ ಭಾಗಿಸಿ ನೂರರಿಂದ ಗುಣಿಸಿದರೆ 39.6. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಸೆಯಲಾರದವನು ಹಾಗೆನ್ನುವಂತಿಲ್ಲ, ಏಕೆಂದರೆ ಅವನಿಗೆ ಕೃಪಾಂಕ ಕೊಟ್ಟು ಕಾಪಾಡುತ್ತಿರುವುದೇ ಆ ನೆಲ.

ಇದು ಬರೀ ಕುಚೋದ್ಯದ ಲೆಕ್ಕವಲ್ಲ. 1998ರಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡದ ರಯಾನ್ ಲೀಫ್ ತಮ್ಮ ಮೊದಲ ಋತುವಿನಲ್ಲಿ 245 ಬಾರಿ ಚೆಂಡೆಸೆದು, 111 ಬಾರಿ ಅದನ್ನು ತಮ್ಮವರ ಕೈಗೆ ಮುಟ್ಟಿಸಿ, 1,289 ಗಜ ಗಳಿಸಿಕೊಟ್ಟರು. ಹದಿನೈದು ಬಾರಿ ಎದುರಾಳಿಯ ಕೈಗಿತ್ತದ್ದೂ ನಿಜ. ಅವರ ರೇಟಿಂಗ್ 39.0 ಆಯಿತು. ಆ ಯುವಕ 245 ಸಲವೂ ಚೆಂಡನ್ನು ನೆಲಕ್ಕೆ ಬಡಿದಿದ್ದರೆ 0.6 ಅಂಕ ಹೆಚ್ಚು ಪಡೆಯುತ್ತಿದ್ದರು. ಅನವಶ್ಯಕವಾಗಿ ಬೆವರು ಸುರಿಸಿ ಕೆಟ್ಟರು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್ ಈ ಸೂತ್ರವನ್ನು ಅಂಗೀಕರಿಸಿದ್ದು 1973ರಲ್ಲಿ, ಡಾನ್ ಸ್ಮಿತ್ ಎಂಬವರ ನೇತೃತ್ವದ ಸಮಿತಿಯೊಂದರ ಶ್ರಮದ ಫಲವಾಗಿ. ಅದಕ್ಕೂ ಮೊದಲು ಶ್ರೇಷ್ಠ ಎಸೆತಗಾರನನ್ನು ಆರಿಸುವ ಮಾನದಂಡ ಮೇಲಿಂದ ಮೇಲೆ ಬದಲಾಗುತ್ತಿದ್ದುದರಿಂದ ಸಮಿತಿಯ ಸದುದ್ದೇಶವನ್ನು ಅನುಮಾನಿಸುವಂತಿಲ್ಲ. ಆದರೆ ಅಂದಿನ ಸಾಧಾರಣ ಆಟವನ್ನು ಅಳೆದು ಹೊಲಿದ ಅಂಗಿಯನ್ನೇ ಇಂದಿನ ಆಟಕ್ಕೂ ತೊಡಿಸಲಾಗುತ್ತಿದೆ. ನಿಯಮಗಳು ಬದಲಾದವು, ಎಸೆತ ಸಲೀಸಾಯಿತು, 66.7 ಇರಬೇಕಿದ್ದ ಸರಾಸರಿ ಈಗ 90ರ ಆಸುಪಾಸಿನಲ್ಲಿದೆ. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದ ಟೆರ್ರಿ ಬ್ರಾಡ್‌ಶಾ ಅವರ ಜೀವಮಾನದ ರೇಟಿಂಗ್ 70.9, ಜೋ ನೇಮತ್ ಅವರದು 65.5. ಆಟದ ಚರಿತ್ರೆಯಲ್ಲಿ ಕಂಬದಂತೆ ನಿಂತ ಜಾನಿ ಯುನಿಟಾಸ್ 78.2 ಹಿಡಿದುಕೊಂಡು ಇಂದಿನ ಯಾವ ತಂಡದ ಬಾಗಿಲು ತಟ್ಟಿದರೂ ‘ಆಮೇಲೆ ತಿಳಿಸುತ್ತೇವೆ’ ಎಂಬ ಉತ್ತರವೇ ಸಿಕ್ಕೀತು.

ಇನ್ನು ತೂಕಗಳ ವಿಚಾರ. ಸೂತ್ರವನ್ನು ಬಿಡಿಸಿ ನೋಡಿದರೆ ಒಂದು ಟಚ್‌ಡೌನ್ 80 ಗಜಕ್ಕೆ ಸಮ, ಒಂದು ಇಂಟರ್‌ಸೆಪ್ಷನ್ 100 ಗಜದ ನಷ್ಟಕ್ಕೆ ಸಮ, ಚೆಂಡನ್ನು ಯಾರಾದರೂ ಹಿಡಿದುಬಿಟ್ಟರೆ ಅದೊಂದೇ 20 ಗಜಕ್ಕೆ ಸಮ. ಇದರರ್ಥ, ಮೂರು ಗಜ ಹಿಂದಿರುವವನಿಗೆ ಎಸೆದು ಅವನು ಅಲ್ಲೇ ಮಕಾಡೆ ಬಿದ್ದರೂ ಸೂತ್ರದ ಕಣ್ಣಿಗೆ ಅದು ಹದಿನೇಳು ಗಜದ ಮುನ್ನಡೆ. ಚೆಂಡನ್ನು ಎಸೆಯದೆ ಅವುಚಿಕೊಂಡು ಎದುರಾಳಿಯ ತೂಕದಡಿ ನೆಲಕಚ್ಚಿದರೆ ಲೆಕ್ಕಕ್ಕೇ ಬರುವುದಿಲ್ಲ; ತಂಡ ಹತ್ತು ಗಜ ಕಳೆದುಕೊಂಡಿತು, ರೇಟಿಂಗ್ ಮಾತ್ರ ಕೊರಳಪಟ್ಟಿಯೂ ಕದಲದಂತೆ ನಿಂತಿರುತ್ತದೆ.

ಕಾಲೇಜು ಆಟದ ಸೂತ್ರ ಇನ್ನೂ ರಸವತ್ತಾಗಿದೆ. ಅಲ್ಲಿ ಗಜಕ್ಕೆ 8.4, ಟಚ್‌ಡೌನಿಗೆ 330, ಕೈಸೇರಿದ ಪಾಸಿಗೆ 100, ಇಂಟರ್‌ಸೆಪ್ಷನ್ನಿಗೆ 200ರ ದಂಡ, ಒಟ್ಟನ್ನು ಎಸೆತಗಳ ಸಂಖ್ಯೆಯಿಂದ ಭಾಗಿಸಿದರೆ ಆಯಿತು, ಮೇಲ್ಮಿತಿಯ ಕಾಟವಿಲ್ಲ. ಪ್ರತಿ ಎಸೆತವೂ 99 ಗಜದ ಟಚ್‌ಡೌನ್ ಆದರೆ 1261.6 ಬರುತ್ತದೆ. ತಳ ಮುಟ್ಟುವುದು ಇಷ್ಟು ಸುಲಭವಲ್ಲ. ಎಲ್ಲ ಎಸೆತಗಳನ್ನೂ ಎದುರಾಳಿಗೇ ಒಪ್ಪಿಸಿದರೂ ಮೈನಸ್ 200ರಲ್ಲಿ ನಿಲ್ಲಬೇಕಾಗುತ್ತದೆ. ಮೈನಸ್ 731.6 ಎಂಬ ಪಾತಾಳ ಕಾಣಬೇಕಾದರೆ ಪ್ರತಿಯೊಂದು ಪಾಸೂ ಸರಿಯಾಗಿ ಕೈಸೇರಬೇಕು, ಹಿಡಿದವನು ಪ್ರತಿ ಸಲವೂ 99 ಗಜ ಹಿಂದಕ್ಕೆ ಓಡಬೇಕು. ಮೈದಾನವೇ ನೂರು ಗಜ! ಇಂಥ ಸಾಹಸವನ್ನೂ ಮುಂದಾಲೋಚಿಸಿ ಅಂಕಿ ಕಾದಿರಿಸಿದ ಸೂತ್ರದ ದೂರದೃಷ್ಟಿಗೆ ನಮಸ್ಕಾರ. ಕಾಲೇಜಿನಲ್ಲಿ 150 ಪಡೆದು ಬೀಗುತ್ತಿದ್ದ ಹುಡುಗ ಎನ್‌ಎಫ್‌ಎಲ್ ಸೇರಿ 85 ಪಡೆದಾಗ ಕೈಯೂ ಅದೇ, ಚೆಂಡೂ ಹೆಚ್ಚುಕಡಿಮೆ ಅದೇ. ತಕ್ಕಡಿ ಮಾತ್ರ ಬೇರೆ.

ಈ ಅಂಕಿ ಪರದೆಯ ಅಂಚಿನಲ್ಲಿಯೇ ಬಿದ್ದುಕೊಂಡಿದ್ದರೆ ನನಗೆ ಯಾವ ತಕರಾರೂ ಇರಲಿಲ್ಲ. ಆದರೆ ಅದು ಆಟಗಾರರ ಕರಾರುಪತ್ರದೊಳಗೆ ನುಗ್ಗಿದೆ. ರೇಟಿಂಗ್ ಇಷ್ಟು ಮುಟ್ಟಿದರೆ ಇಷ್ಟು ಬೋನಸ್ ಎಂಬ ಷರತ್ತಾಗಿ ಕುಳಿತಿದೆ. ಎದೆಗೆ ಬಂದ ಚೆಂಡನ್ನು ಹಿಡಿಯಬೇಕಾದವನು ಕೈಚೆಲ್ಲುತ್ತಾನೆ, ಅದು ಪುಟಿದು ಎದುರಾಳಿಯ ತೆಕ್ಕೆಗೆ ಬೀಳುತ್ತದೆ, ನೂರು ಗಜದ ದಂಡ ಎಸೆದವನ ತಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಸೆಯಲು ಮೂರು ಕ್ಷಣ ಒದಗಿಸಿಕೊಡಲು ಮುಂದೆ ನಿಂತು ಮೂಳೆ ಮುರಿಸಿಕೊಳ್ಳುವ ಐವರಿಗೆ ಸೂತ್ರದಲ್ಲಿ ಒಂದು ಅಕ್ಷರವೂ ಇಲ್ಲ. ಇದೆಲ್ಲ ಲೀಗಿನವರಿಗೆ ಗೊತ್ತಿದೆ, ವಿವರಣೆಕಾರರಿಗೆ ಗೊತ್ತಿದೆ, ಲೆಕ್ಕ ಹಾಕುವವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದೆ. ಅರ್ಧ ಶತಮಾನದಿಂದ ಗೊತ್ತಿದ್ದೂ ಅದೇ ಅಂಕಿಯನ್ನು ತೋರಿಸಿ ಒಬ್ಬನನ್ನು ದೊಡ್ಡವನೆನ್ನುವುದು, ಇನ್ನೊಬ್ಬನನ್ನು ಮನೆಗೆ ಕಳಿಸುವುದು ಶುದ್ಧ ಸೋಮಾರಿತನ. ಆಟ ನೋಡುವ ಕಷ್ಟ ಯಾರಿಗೂ ಬೇಡವಾಗಿದೆ.

ಪರಿಹಾರ ಇಲ್ಲದಿಲ್ಲ. 2011ರಲ್ಲಿ ಇಎಸ್‌ಪಿಎನ್ ವಾಹಿನಿ ಸೊನ್ನೆಯಿಂದ ನೂರರವರೆಗಿನ ಹೊಸ ರೇಟಿಂಗ್ ತಂದಿತು. ಸನ್ನಿವೇಶಕ್ಕೆ ತಕ್ಕ ತೂಕ, ಓಟಕ್ಕೂ ತೂಕ, ಜೊತೆಗಾರರ ಪಾಲಿಗೂ ತೂಕ ಅದರಲ್ಲಿವೆಯಂತೆ. ಪೂರ್ತಿ ಸೂತ್ರವನ್ನು ಮಾತ್ರ ಅವರು ಹೊರಗೆ ಬಿಡುವುದಿಲ್ಲ. ಹಳೆಯದರ ಹುಳುಕನ್ನು ಪೆನ್ಸಿಲ್ ಹಿಡಿದು ಯಾರು ಬೇಕಾದರೂ ತೋರಿಸಬಹುದಿತ್ತು. ಹೊಸದರಲ್ಲಿ ಆ ತೊಂದರೆಯನ್ನೇ ನಿವಾರಿಸಲಾಗಿದೆ.

ಸದ್ಯಕ್ಕೆ ಈ ಜಗತ್ತಿನಲ್ಲಿ ನೆಮ್ಮದಿಯಾಗಿರುವವನು ಒಮ್ಮೆಯೂ ಚೆಂಡೆಸೆಯದೆ ಬೆಂಚಿನ ಮೇಲೆ ಕುಳಿತಿರುವ ಮೂರನೆಯ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಅವನ ಎಸೆತಗಳ ಸಂಖ್ಯೆ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬಾರದು, ಹಾಗಾಗಿ ಅವನ ಮುಂದೆ ಸೂತ್ರ ಬಾಯಿ ಕಟ್ಟಿಸಿಕೊಂಡು ನಿಂತಿದೆ. ಮೈದಾನಕ್ಕಿಳಿದು ಒಂದೇ ಒಂದು ಚೆಂಡನ್ನು ನೆಲಕ್ಕೆ ಬಡಿದನೋ, 39.6.