ಪಾರ್ಸಿಮೋನಿಯಸ್‌ಗೆ ಕಷಾಯ

ನಿನ್ನೆ ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನಮ್ಮ ಬೀಗಿತ್ತಿಯ ಫೋನ್ ಬಂತು. ಮಳೆ, ಮೊಮ್ಮಗುವಿನ ಹಲ್ಲು, ತೆಂಗಿನಕಾಯಿ ರೇಟು ಎಲ್ಲ ಆಯಿತು. ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು. “ಅದು ಈಗ ಹೇಗಿದೆ? ಸ್ವಲ್ಪನಾದ್ರೂ ಕಮ್ಮಿ ಆಯ್ತಾ?”

“ಪರವಾಗಿಲ್ಲ, ಕಮ್ಮಿ ಆಗ್ತಿದೆ” ಅಂದೆ.

ನನಗೆ ಯಾವ ಕಾಯಿಲೆಯೂ ಇಲ್ಲ. ಸಕ್ಕರೆ ಇಲ್ಲ, ಬಿಪಿ ಇಲ್ಲ. ನನಗಿರುವುದು ಒಬ್ಬ ಗಂಡ. ಆ ಗಂಡನಿಗಿರುವುದು ಇಂಗ್ಲಿಷ್ ಪದಗಳ ಒಂದು ದಪ್ಪ ಪುಸ್ತಕ.

ಎದುರುಮನೆ ಹುಡುಗಿ ಓದೋಕೆ ಅಂತ ಅಮೆರಿಕಕ್ಕೆ ಹೋದಳು. ಅಲ್ಲಿ ಸೀಟಿಗೆ ಅಂತ ಬರೆಯುವ ಜಿಆರ್‌ಇ ಪರೀಕ್ಷೆಯ ಅವಳ ಪುಸ್ತಕಗಳನ್ನೆಲ್ಲ ಅವಳಮ್ಮ ರದ್ದಿಗೆ ಹಾಕುತ್ತಿದ್ದರು. ತಕ್ಕಡಿಗೆ ಏರಿದ್ದ ಒಂದನ್ನು ನಮ್ಮ ಯಜಮಾನರು ಇಳಿಸಿಕೊಂಡು ಬಂದರು. ತೆರೆದು ನೋಡಿದರೆ ‘ಎ’ ಅಕ್ಷರದ ಹಾಳೆಗಳು ಮಾತ್ರ ಮಾಸಿವೆ. ಅಬೇಟ್, ಅಬ್‌ಡಿಕೇಟ್, ಅಬೆರೆಂಟ್, ಎಲ್ಲದಕ್ಕೂ ಹಳದಿ ಗೆರೆ, ಮೇಲೊಂದು ಕಾಫಿ ಕಲೆ. ‘ಬಿ’ಗೆ ಬರುವಾಗ ಗೆರೆ ತೆಳ್ಳಗಾಗಿದೆ. ‘ಸಿ’ ದಾಟಿದ ಮೇಲೆ ಅಂಗಡಿಯಿಂದ ಈಗ ತಂದ ಹಾಗಿದೆ. ಇಂಥ ಪುಸ್ತಕ ಇರುವ ಮನೆಗಳಲ್ಲೆಲ್ಲ ಇದೇ ಕತೆ ಅಲ್ವಾ? ‘ಎ’ಯಿಂದ ಶುರುವಾಗುವ ಪದಗಳಲ್ಲಿ ನಾವೆಲ್ಲ ಪಂಡಿತರು.

ನಮ್ಮವರು ಮಾತ್ರ ಹಾಗಲ್ಲ. ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿ, ಪಿಯುಸಿಗೆ ಮೈಸೂರಿಗೆ ಬಂದು, ಲೆಕ್ಚರರ್ ಪ್ರಶ್ನೆ ಕೇಳಬಾರದು ಅಂತ ಎರಡು ವರ್ಷ ಕಂಬದ ಹಿಂದೆ ಕೂತವರು. ಆಮೇಲೆ ಆಫೀಸಿನಲ್ಲಿ 34 ವರ್ಷ ಅದೇ ಇನ್ನೂರು ಇಂಗ್ಲಿಷ್ ಪದಗಳನ್ನು ತಿರುಗಿಸಿ ಮುರುಗಿಸಿ ಬರೆದವರು. ಈಗ ರಿಟೈರ್ ಆದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಯಾರ ಮೇಲಿನ ಸೇಡೋ, ತೀರುತ್ತಿರುವುದು ನನ್ನ ಮೇಲೆ.

ಆ ಪರೀಕ್ಷೆಯವರು 2011ರಲ್ಲಿ ವಿರುದ್ಧ ಪದ ಕೇಳುವುದನ್ನು ಬಿಟ್ಟರಂತೆ. ಬರೀ ಉರು ಹೊಡೆದರೆ ಸಾಲದು, ಪದ ವಾಕ್ಯದೊಳಗೆ ಸರಿಯಾಗಿ ಕೂರಬೇಕಂತೆ. ಇದನ್ನು ಇವರಿಗೆ ಯಾರು ಹೇಳಿದರೋ, ನನ್ನ ಗ್ರಹಚಾರ ಅಲ್ಲಿಂದ ಶುರು. ಪುಸ್ತಕದಲ್ಲಿ ಪ್ರತಿ ಪದಕ್ಕೂ ಒಂದು ಅರ್ಥ, ಅದರ ಕೆಳಗೊಂದು ಉದಾಹರಣೆ ಇದೆ. ಆ ಉದಾಹರಣೆಗಳಲ್ಲಿ ಓಡಾಡುವವರೆಲ್ಲ ಸೆನೆಟರ್‌ಗಳು, ಸೇನಾಪತಿಗಳು. ನಮ್ಮ ಬೀದಿಗೆ ಸೆನೆಟರ್ ಎಲ್ಲಿಂದ ಬರಬೇಕು? ಗೊತ್ತಿರುವವರ ಮೇಲೆ ವಾಕ್ಯ ಮಾಡಿದರೆ ಪದ ಮರೆಯಲ್ಲ ಅನ್ನೋದು ಇವರ ಸಿದ್ಧಾಂತ. ಇಡೀ ದಿನ ಮನೆಯಲ್ಲಿ ಕೂತ ಗಂಡಸಿಗೆ ಗೊತ್ತಿರುವವರು ಅಂತ ಕಣ್ಣಿಗೆ ಬೀಳೋದು ಯಾರು ಹೇಳಿ.

ಹಾಲಿನ ಲೆಕ್ಕದ ಹಳೇ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆಯುತ್ತಾರೆ. ಒಂದು ದಿನ ತೆಗೆದು ನೋಡಿದೆ. ಗ್ಯಾರುಲಸ್: ಬೇಡದ್ದನ್ನೆಲ್ಲ ಜಾಸ್ತಿ ಮಾತಾಡುವ. ಉದಾಹರಣೆ: ಫೋನಿನಲ್ಲಿ ನನ್ನ ಹೆಂಡತಿ ಗ್ಯಾರುಲಸ್. ಇನ್‌ಸಿಪಿಡ್: ರುಚಿಯಿಲ್ಲದ. ಸೋಮವಾರದ ಸಾರು ಇನ್‌ಸಿಪಿಡ್. ಆಬ್ಡ್ಯುರೇಟ್: ಎಷ್ಟು ಹೇಳಿದರೂ ಬಗ್ಗದ. ಕೊತ್ತಂಬರಿ ಕಟ್ಟಿನ ವಿಷಯದಲ್ಲಿ ನನ್ನ ಹೆಂಡತಿ ಆಬ್ಡ್ಯುರೇಟ್. ನಮ್ಮ 38 ವರ್ಷದ ಸಂಸಾರ ಅಲ್ಲಿ ಅಕಾರಾದಿಯಾಗಿ ಸಾಲು ನಿಂತಿತ್ತು. ಬೈಯುವುದಾದರೆ ಕನ್ನಡದಲ್ಲೇ ಬೈಯಬಾರದೇ? ವಾಚಾಳಿ, ಸಪ್ಪೆ, ಹಟಮಾರಿ. ಮೂರೂ ನನಗೆ ತವರಿನಿಂದಲೇ ಅಭ್ಯಾಸ.

ಹೊಗಳಿದರೆ ಇನ್ನೂ ಕಷ್ಟ. ಒಂದು ಮದುವೆಗೆ ರೇಷ್ಮೆ ಸೀರೆ ಉಟ್ಟು ಹೊರಟಿದ್ದೆ. ಇವರು ಮೇಲಿಂದ ಕೆಳಗೆ ನೋಡಿ “ಏನು ಪಲ್ಕ್ರಿಟ್ಯೂಡ್!” ಅಂದರು. ಆ ಸದ್ದಿಗೆ ಹೊಟ್ಟೆಯ ಸುತ್ತಳತೆ ಬಿಟ್ಟು ಬೇರೆ ಅರ್ಥ ಇರಬಹುದು ಅಂತ ಯಾರಿಗೆ ಅನಿಸುತ್ತೆ? ಎರಡು ದಿನ ಮಾತು ಬಿಟ್ಟೆ. ಆಮೇಲೆ ನೋಡಿದರೆ ಸೌಂದರ್ಯ ಅಂತೆ! ಎನರ್ವೇಟ್ ಅಂದರೆ ಎನರ್ಜಿ ಬರೋದು ಅಂದುಕೊಂಡಿದ್ದೆ, ಇದ್ದ ಶಕ್ತಿಯೂ ಸೋರಿಹೋಗೋದಂತೆ. ನಾಯ್ಸಮ್‌ಗೂ ಗಲಾಟೆಗೂ ಸಂಬಂಧವೇ ಇಲ್ಲ, ಅದು ಗಬ್ಬು ವಾಸನೆ. ರೆಸ್ಟಿವ್ ಅಂದರೆ ಒಂದು ಕಡೆ ಸುಮ್ನೆ ನಿಲ್ಲಲಾರದವನು. ಸ್ಯಾಂಕ್ಷನ್ ಅಂದರೆ ಒಪ್ಪಿಗೆಯೂ ಹೌದು, ನಿರ್ಬಂಧವೂ ಹೌದು. ಇಂಥ ಭಾಷೆಯನ್ನು ನಂಬಿಕೊಂಡು ಸಂಸಾರ ಮಾಡೋದು ಹೇಗೆ?

ಇಷ್ಟು ದಿನ ಇದೆಲ್ಲ ನಾಲ್ಕು ಗೋಡೆಯೊಳಗಿತ್ತು. ಹೋದ ಭಾನುವಾರ ಬೀಗರು ಊಟಕ್ಕೆ ಬಂದಿದ್ದರು. ಎಲೆ ಹಾಕುವ ಮೊದಲು ಇವರು “ಐಸ್‌ಕ್ರೀಂ ತರಲಾ?” ಅಂದರು. “ಪಾಯಸ ಮಾಡಿದೀನಲ್ಲ, ಸುಮ್ನೆ ದುಡ್ಡು ದಂಡ” ಅಂದೆ ಅಡುಗೆಮನೆಯಿಂದ. ಅಷ್ಟೇ ಸಾಕಾಯಿತು.

“ನೋಡಿ ಬೀಗಿತ್ತಿ, ನಮ್ಮನೆಯವಳು ತುಂಬಾ ಪಾರ್ಸಿಮೋನಿಯಸ್” ಅಂದರು ಇವರು, ಅಂದಿನ ಪದವನ್ನು ಅಂದೇ ಬಳಸಿದ ಖುಷಿಯಲ್ಲಿ.

ಬೀಗರ ಮನೆಯಲ್ಲಿ ಕೂತು ‘ಹಾಗಂದ್ರೇನು?’ ಅಂತ ಯಾರು ಕೇಳುತ್ತಾರೆ? ನಮ್ಮ ವಯಸ್ಸಿನ ಹೆಂಗಸಿಗೆ ಅಷ್ಟುದ್ದದ ಇಂಗ್ಲಿಷ್ ಹೆಸರು ಅಂಟಿದೆ ಅಂದರೆ ಅದು ಕಾಯಿಲೆಯೇ ಆಗಿರಬೇಕು. ಹೈಪರ್‌ಟೆನ್ಷನ್, ಆಸ್ಟಿಯೋಪೊರೋಸಿಸ್, ಪಾರ್ಸಿಮೋನಿಯಸ್. ಒಂದೇ ಚೀಟಿಯಲ್ಲಿ ಬರೆದರೆ ಮೆಡಿಕಲ್ ಶಾಪಿನವನಿಗೂ ಅನುಮಾನ ಬರಲ್ಲ.

“ಅಯ್ಯೋ ಪಾಪ, ಯಾವಾಗಿಂದ?” ಅಂದರು ಬೀಗಿತ್ತಿ.

“ಮದುವೆ ಆದಾಗಿಂದ.”

“ಡಾಕ್ಟರಿಗೆ ತೋರಿಸಿದ್ರಾ?”

“ಅವರಿಗೆ ಫೀಸು ಕೊಡೋಕೆ ಇವಳು ಬಿಡಬೇಕಲ್ಲ!”

“ಮನೆತನದಲ್ಲಿ ಇತ್ತೇನೋ?”

“ಇವಳ ತಾಯಿಗೆ ಇತ್ತು. ಅವರದು ಇನ್ನೂ ಜೋರು.”

ಬೀಗಿತ್ತಿಯ ದನಿ ನಡುಗಿತು. “ಮತ್ತೆ... ನಮ್ಮ ಸೊಸೆಗೆ?”

“ಅವಳಿಗೆ ಬಂದಿಲ್ಲ ಬಿಡಿ. ಬಂದಿದ್ರೆ ನಿಮ್ಮ ಮಗನಿಗೇ ಒಳ್ಳೇದಿತ್ತು” ಅಂತ ಇವರು ಗಹಗಹಿಸಿ ನಕ್ಕರು.

ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದ ನನಗೆ ನಗು ಮಾತ್ರ ಕೇಳಿಸಿತು. ಎರಡೇ ನಿಮಿಷದಲ್ಲಿ ಬೀಗಿತ್ತಿ ಒಳಗೆ ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಕಣ್ಣಲ್ಲಿ ನೀರು. “ನೀವು ಕೂತ್ಕೊಳ್ಳಿ. ಎಲ್ಲ ಒಳಗೇ ಇಟ್ಕೊಂಡು ಇಷ್ಟು ವರ್ಷ ದುಡಿದಿದೀರಲ್ಲ.” ನನಗೆ ತಲೆಬುಡ ತಿಳಿಯಲಿಲ್ಲ. ಆದರೂ 38 ವರ್ಷದಲ್ಲಿ ಈ ಮಾತು ಹೇಳಿದವರು ಅವರೊಬ್ಬರೇ. ಕೂತುಕೊಂಡೆ.

ಅವರು ಹೋದ ಮೇಲೆ “ನಿಮ್ಮ ಬೀಗಿತ್ತಿಗೆ ಎಂಥ ಹಾಸ್ಯಪ್ರಜ್ಞೆ!” ಅಂತ ಇವರು ಕೊಂಡಾಡಿದರು. ರಾತ್ರಿ ಮಗಳ ಫೋನ್. “ಅಮ್ಮಾ, ಏನಾಗಿದೆ ನಿಂಗೆ? ನಂಗ್ಯಾಕೆ ಹೇಳ್ಲಿಲ್ಲ?” ಕಾಯಿಲೆಯ ಹೆಸರು ಏನಂದರು ಅಂತ ಕೇಳಿದೆ. ಅವಳು ಜ್ಞಾಪಿಸಿಕೊಂಡು ಹೇಳಿದಳು. ಹೇಳುವಾಗಲೇ ಅವಳಿಗೆ ಹೊಳೆಯಿತು. ಐದು ನಿಮಿಷ ನಕ್ಕಳು. ನಾನು ನಗಲಿಲ್ಲ.

ಇವರಿಗೆ ತಿರುಗೇಟು ಕೊಡೋಕೆ ಏನಾದ್ರೂ ಹುಡುಕು ಅಂದೆ. ಮಾರನೇ ದಿನ ಸಾಮಾನು ಕಳಿಸಿದಳು. ಸ್ಯಾಮುಯಲ್ ಜಾನ್ಸನ್ ಅನ್ನುವವರು 1755ರಲ್ಲಿ ಇಂಗ್ಲಿಷಿಗೆ ದೊಡ್ಡ ನಿಘಂಟು ಮಾಡಿದರು. ಅದರಲ್ಲಿ ಓಟ್ಸ್ ಅಂದರೆ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನ ತಿಂದು ಬದುಕುವ ಧಾನ್ಯ ಅಂತಿದೆಯಂತೆ. ನಮ್ಮವರು ಕೊಲೆಸ್ಟರಾಲ್‌ಗೆ ಹೆದರಿ ದಿನಾ ಬೆಳಿಗ್ಗೆ ತಿನ್ನೋದೇ ಅದು. ಬಟ್ಟಲು ಮುಂದಿಟ್ಟು ಅರ್ಥ ಓದಿ ಹೇಳಿದೆ. “ಉದಾಹರಣೆ?” ಅಂದರು. ಸುಮ್ನೆ ಅವರ ಮುಖ ನೋಡಿದೆ. ಅದೇ ನಿಘಂಟಿನಲ್ಲಿ ನಿಘಂಟು ಬರೆಯುವವನನ್ನು ನಿರುಪದ್ರವಿ ಗಾಣದೆತ್ತು ಅನ್ನೋ ಅರ್ಥದಲ್ಲಿ ಕರೆದಿದ್ದಾರಂತೆ. ಬರೆದವರು ನಿರುಪದ್ರವಿ ಇರಬಹುದು. ಓದುವವರ ಹೆಂಡತಿಯನ್ನು ಒಂದು ಮಾತು ಕೇಳಬೇಕಿತ್ತು.

ಆ ನೋಟ್‌ಬುಕ್ಕನ್ನೇ ರದ್ದಿಗೆ ಹಾಕಿಬಿಡೋಣ ಅಂತ ಮೊನ್ನೆ ಮಧ್ಯಾಹ್ನ ಇವರು ಮಲಗಿದ್ದಾಗ ಎತ್ತಿಕೊಂಡೆ. ಹಾಳೆ ತಿರುವುತ್ತಾ ಒಂದು ಕಡೆ ನಿಂತೆ. ಹಿಂದೆ ಅಕ್ಕನ ಕಣ್ಣಿನ ಆಪರೇಷನ್‌ಗೆ ಅಂತ ನಾನು ಹತ್ತು ದಿನ ಶಿವಮೊಗ್ಗದಲ್ಲಿದ್ದೆ. ಆ ಹತ್ತೂ ದಿನದ ತಾರೀಖು ಇದೆ. ಲ್ಯಾಕೋನಿಕ್, ಲ್ಯಾಂಗ್ವಿಡ್, ಲೆಥಾರ್ಜಿಕ್ ಅಂತ ಪದಗಳಿವೆ. ಅರ್ಥವೂ ಇದೆ. ಉದಾಹರಣೆಯ ಜಾಗ ಮಾತ್ರ ಖಾಲಿ. ಹನ್ನೊಂದನೇ ದಿನ ಲೊಕ್ವೇಶಸ್: ತುಂಬಾ ಮಾತಾಡುವ. ಉದಾಹರಣೆ: ನನ್ನ ಹೆಂಡತಿ ಬೆಳಗಿನ ಬಸ್ಸಿಗೆ ಬಂದಳು.

ಇವರು ಎದ್ದ ಮೇಲೆ “ಇದೇನ್ರೀ ಇಷ್ಟೊಂದು ಖಾಲಿ ಬಿಟ್ಟಿದೀರಿ?” ಅಂದೆ.

“ಉದಾಹರಣೆ ಊರಲ್ಲಿರಲಿಲ್ಲ” ಅಂದರು, ಕನ್ನಡಕ ಹುಡುಕುತ್ತಾ.

ಸ್ವಲ್ಪ ಹೊತ್ತು ಏನೂ ಹೇಳೋಕೆ ತೋಚಲಿಲ್ಲ. ಆಮೇಲೆ ಹಿಂದಿನ ಹಾಳೆಯ ಇನ್‌ಸಿಪಿಡ್ ಸಾರು ಕಣ್ಣಿಗೆ ಬಿತ್ತು. ಸರಿಹೋದೆ.

ಈಗ ನನ್ನ ಪೀಕಲಾಟ ನೋಡಿ. ಬೀಗಿತ್ತಿಗೆ ನಿಜ ಹೇಳಿದರೆ ನಾನು ಜಿಪುಣಿ ಅಂತ ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ರೋಗಿ. ಯೋಚನೆ ಮಾಡಿ ರೋಗವೇ ವಾಸಿ ಅಂತ ಅದನ್ನೇ ಉಳಿಸಿಕೊಂಡಿದ್ದೇನೆ. ಅವರ ಓರಗಿತ್ತಿಗೂ ಇದೇ ಪಾರ್ಸಿಮೋನಿಯಸ್ ಇತ್ತಂತೆ, ಅಮೃತಬಳ್ಳಿ ಕಷಾಯದಲ್ಲಿ ಪೂರ್ತಿ ಹೋಯಿತಂತೆ. ಅಳಿಯನ ಕೈಯಲ್ಲಿ ಎರಡು ದೊಡ್ಡ ಬಾಟಲಿ ಕಳಿಸಿದ್ದಾರೆ. ಒಂದೊಂದಕ್ಕೂ 240 ರೂಪಾಯಿ ಅಂತ ಚೀಟಿಯಲ್ಲಿದೆ. ವಿಷದ ಹಾಗೆ ಕಹಿ. ಬಚ್ಚಲಿಗೆ ಸುರಿಯೋಣ ಅಂತ ಎರಡು ಸಲ ಮುಚ್ಚಳ ತೆಗೆದೆ. 480 ರೂಪಾಯಿ. ಮನಸ್ಸು ಬರಲಿಲ್ಲ.

ದಿನಾ ಊಟ ಆದ ಮೇಲೆ ಎರಡೆರಡು ಚಮಚ ಕುಡಿಯುತ್ತಿದ್ದೇನೆ. ಇವರು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಾರೆ.