ಕರಪತ್ರ ಹಂಚಿದ ಲೆಕ್ಕ ಸಾಕು, ಬದುಕುಳಿದ ಮಕ್ಕಳ ಲೆಕ್ಕ ಕೊಡಿ

ಆರೋಗ್ಯ ಜಾಗೃತಿ ಕಾರ್ಯಕ್ರಮ ನಮ್ಮಲ್ಲಿ ಹೇಗೆ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಶಾಮಿಯಾನ, ಫ್ಲೆಕ್ಸ್, ಸ್ವಾಗತ ಭಾಷಣ, ಒಂದು ಗಂಟೆ ಉಪನ್ಯಾಸ, ಕೊನೆಗೆ ಗ್ರೂಪ್ ಫೋಟೋ. ಇಷ್ಟು ಜನ ಬಂದಿದ್ದರು ಅಂತ ವರದಿ ಬರೆದರೆ ಮುಗಿಯಿತು. ಆರು ತಿಂಗಳು ಬಿಟ್ಟು ಅದೇ ಮನೆಗಳಿಗೆ ಹೋಗಿ, ಏನಾದರೂ ಬದಲಾಯಿತಾ ಅಂತ ವಿಚಾರಿಸುವವರು ತೀರಾ ಕಡಿಮೆ. ನನ್ನ ತಕರಾರು ಇರುವುದು ಅಲ್ಲೇ.

ವಿಚಾರಿಸಿದವರೂ ಇದ್ದಾರೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳು, ಆದಿವಾಸಿಗಳೇ ಜಾಸ್ತಿ ಇರುವ ಕಡೆ. 2005ರಿಂದ 2008ರವರೆಗೆ ಏಕ್‌ಜುಟ್ ಎಂಬ ಸಂಸ್ಥೆ ಮತ್ತು ಅದರ ಜೊತೆಗಾರರು ಅಲ್ಲಿ 36 ಪ್ರದೇಶಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಕಡೆ ಮಹಿಳೆಯರ ಗುಂಪುಗಳು, ಉಳಿದ ಕಡೆ ಇಲ್ಲ. ಎರಡೂ ಕಡೆ ಹುಟ್ಟಿದ, ತೀರಿಹೋದ ಮಕ್ಕಳ ಲೆಕ್ಕ ಇಟ್ಟರು.

ಗುಂಪು ತಿಂಗಳಿಗೊಮ್ಮೆ ಸೇರುತ್ತಿತ್ತು. ನಡೆಸುವವಳು ಡಾಕ್ಟರಲ್ಲ, ನರ್ಸಲ್ಲ, ಅದೇ ಭಾಗದ ಹೆಂಗಸು. ಭಾಷಣ ಇಲ್ಲ. ಚಿತ್ರದ ಕಾರ್ಡು, ಕಥೆ, ಆಟ. ಮಾತು ಹೀಗೆ ಸಾಗುತ್ತದೆ ಅಂದುಕೊಳ್ಳಿ: ಕೂಸು ಹುಟ್ಟಿ ಎರಡೇ ದಿನಕ್ಕೆ ತೀರಿಹೋಯಿತು. ಯಾಕೆ? ಮೈ ತಣ್ಣಗಾಗಿತ್ತು. ಯಾಕೆ ತಣ್ಣಗಾಯಿತು? ಹುಟ್ಟಿದ ಕೂಡಲೇ ಒರೆಸಿ ಬಟ್ಟೆ ಸುತ್ತಲಿಲ್ಲ. ಯಾಕೆ ಸುತ್ತಲಿಲ್ಲ? ಎಲ್ಲರೂ ಮಾಸು ಬೀಳಲಿ ಅಂತ ಕಾಯುತ್ತಿದ್ದರು. ಉತ್ತರ ಹೊರಟಿದ್ದು ಅಲ್ಲಿ ಕೂತವರ ಬಾಯಿಂದಲೇ. ಏನು ಮಾಡಬೇಕು ಅಂತ ನಿಶ್ಚಯಿಸಿದವರೂ ಅವರೇ.

ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಮೂರು ವರ್ಷದಲ್ಲಿ ಶೇ. 32 ಕಡಿಮೆ. ಕೊನೆಯ ಎರಡು ವರ್ಷ ನೋಡಿದರೆ ಶೇ. 45. ಮೊದಲ ವರ್ಷಕ್ಕೇ ಫಲ ಕಾಣಲಿಲ್ಲ ಅಂತ ಕೈಬಿಟ್ಟಿದ್ದರೆ? ಆಸ್ಪತ್ರೆ ಹೆರಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಬದಲಾಗಿದ್ದು ಮನೆಯೊಳಗೆ. ಹೆರಿಗೆ ಮಾಡಿಸುವವರು ಕೈ ತೊಳೆದರು, ಹೊಕ್ಕುಳಬಳ್ಳಿ ಕಟ್ಟುವ ದಾರ ಕುದಿಸಿದರು.

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಬಾಂಗ್ಲಾದೇಶದ ಅಧ್ಯಯನವೂ ಬಂತು. ಅದೇ ವಿಧಾನ, ಆದರೆ ಸಾವು ಕಡಿಮೆಯಾಗಲಿಲ್ಲ. ಅಲ್ಲಿ ಸುಮಾರು 1,400 ಜನಕ್ಕೆ ಒಂದು ಗುಂಪು, ಗರ್ಭಿಣಿಯರಲ್ಲಿ ಬಂದವರು ಬೆರಳೆಣಿಕೆ. ಆಮೇಲೆ ಸುಮಾರು 300 ಜನಕ್ಕೊಂದು ಗುಂಪು ಮಾಡಿ ನೋಡಿದರು. ಶೇ. 38 ಇಳಿಯಿತು. ಮೊದಲ ಫಲಿತಾಂಶ ಮುಚ್ಚಿಟ್ಟಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಸೋತದ್ದನ್ನೂ ಹೀಗೆ ಬರೆದಿಡುವ ಧೈರ್ಯ ನಮ್ಮ ಅಭಿಯಾನಗಳಿಗೆ ಬರಬೇಕು.

'ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ' ಎನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೇಳುವುದನ್ನು ಬಿಟ್ಟು ಕೇಳಿದ್ದೇವಾ?

ಇದು ನಮಗೆ ದೂರದ ಮಾತೂ ಅಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅದೇ ಎರಡು ರಾಜ್ಯಗಳ ಆಶಾ ಕಾರ್ಯಕರ್ತೆಯರೇ ಸಭೆ ನಡೆಸಿದರು. ಸಾವು ಶೇ. 31 ತಗ್ಗಿತು. ಆಶಾ ಅಕ್ಕಂದಿರು ನಮ್ಮ ಊರುಗಳಲ್ಲೂ ಇದ್ದಾರೆ. ಆದರೆ ಸರ್ವೆ, ರಿಜಿಸ್ಟರು, ಮೊಬೈಲ್ ಎಂಟ್ರಿ ಅಂತ ಈಗಲೇ ಹೊರೆ ಜಾಸ್ತಿ. ಅದರ ಮೇಲೆ ಇದನ್ನೂ ಹೇರಿದರೆ ಸಭೆ ಮತ್ತೆ ಫೋಟೋಗಷ್ಟೇ ನಡೆಯುತ್ತದೆ. ಬೇರೆ ಕೆಲಸ ಇಳಿಸಿ, ಪ್ರತಿ ಸಭೆಗೂ ಸರಿಯಾದ ಹಣ ಕೊಡಿ, ಎರಡು ವರ್ಷ ತಾಳ್ಮೆಯಿಂದ ನಡೆಸಿ. ಆಮೇಲೆ ಎಷ್ಟು ಸಭೆಯಾಯಿತು ಅನ್ನುವುದರ ಪಕ್ಕದಲ್ಲೇ ಆ ಊರಿನಲ್ಲಿ ಎಷ್ಟು ಕೂಸು ಉಳಿದವು ಅಂತಲೂ ಬರೆಯಿರಿ.