ಫೈಲಿನ ಹೆಸರು ಕನ್ನಡದಲ್ಲೇ ಇರಲಿ

"ಟೀಚರ್, ಇನ್ನು ಫೈಲಿಗೆ ಇಂಗ್ಲಿಷಿನಲ್ಲೇ ಹೆಸರು ಹಾಕುವ. ಕನ್ನಡದಲ್ಲಿ ಹಾಕಿದರೆ ಕೆಡ್ತದೆ."

ಕಾಸರಗೋಡಿನ ನಮ್ಮ ಕನ್ನಡ ಶಿಕ್ಷಕರ ನಡುವೆ ಈ ಮಾತು ಆಗಾಗ ಕಿವಿಗೆ ಬೀಳುತ್ತಿದೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಕನ್ನಡದ ಮೇಲೆ ಸುಮ್ನೆ ಗೂಬೆ ಕೂರಿಸುತ್ತಿದ್ದೇವೆ.

ಆಗುವುದು ಇಷ್ಟು. ನಮ್ಮ ಶಾಲೆಗಳ ಲ್ಯಾಬಿನಲ್ಲಿ ಕೈಟ್ (ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ) ಕೊಟ್ಟ ಲಿನಕ್ಸ್ ಇದೆ, ವಿಂಡೋಸಿನ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅದರಲ್ಲೊಂದು ಕಂಪ್ಯೂಟರಿನ ಫೋಲ್ಡರನ್ನು ಸಾಂಬಾ (ಲಿನಕ್ಸಿನ ಫೋಲ್ಡರನ್ನು ವಿಂಡೋಸಿಗೂ ಕಾಣಿಸುವ ತಂತ್ರಾಂಶ) ಹಾಕಿ ಎಲ್ಲರಿಗೂ ಶೇರ್ ಮಾಡುತ್ತಾರೆ. ಆ ಕಂಪ್ಯೂಟರಿನಲ್ಲೇ ಕೂತು ಒಬ್ಬರು ‘ಹತ್ತನೇ ತರಗತಿ: ಪದ್ಯದ ಪ್ರಶ್ನೆಗಳು’ ಅಂತ ಸೇವ್ ಮಾಡುತ್ತಾರೆ. ಲಿನಕ್ಸ್ ತಕರಾರು ಮಾಡುವುದಿಲ್ಲ. ಸ್ಟಾಫ್ ರೂಮಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದೇ ಫೋಲ್ಡರ್ ತೆರೆದರೆ ಆ ಹೆಸರೇ ಇಲ್ಲ! ಮೊದಲಿಗೊಂದು ಅಂಡರ್‌ಸ್ಕೋರ್, ಆಮೇಲೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಕಲಸುಮೇಲೋಗರ, ಕೊನೆಯ ಅಕ್ಷರಕ್ಕೆ ಮುಂಚೆ ಒಂದು ಟಿಲ್ಡೆ (~) ಚಿಹ್ನೆ.

ತೊಂದರೆ ಇರುವುದು ಹೆಸರಿನ ನಡುವಿನ ಆ ಕೋಲನ್‌ನಲ್ಲಿ (:). ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಇಂಥವನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಹಾಗಾಗಿ ಸಾಂಬಾ ಅದಕ್ಕೊಂದು ಮೋಟು ಹೆಸರು ಕಟ್ಟಿಕೊಡುತ್ತದೆ. ವಿಂಡೋಸಿಗೆ ಮೊದಲಿದ್ದ ಡಾಸ್ ಕಾಲದ ಅಳತೆ: ಹೆಸರಿಗೆ 8 ಅಕ್ಷರ, ಚುಕ್ಕಿಯ ನಂತರ 3. 1995ರ ವಿಂಡೋಸ್ 95ರಲ್ಲೇ ಉದ್ದ ಹೆಸರು ಬಂದಾಯಿತು, ಈ ಅಳತೆ ಮಾತ್ರ ಇನ್ನೂ ಉಳಿದಿದೆ. ಇಂಗ್ಲಿಷ್ ಹೆಸರಾದರೆ ಮೊದಲ ಅಕ್ಷರವಾದರೂ ಕಾಣುತ್ತದೆ. ಕನ್ನಡದ್ದಾದರೆ ಆ ಜಾಗಕ್ಕೂ ಅಂಡರ್‌ಸ್ಕೋರ್ ಬರುತ್ತದೆ. ಹೀಗೆ ಹೆಸರು ಕೆಟ್ಟ ಕನ್ನಡ ಫೈಲುಗಳೆಲ್ಲ ಒಂದೇ ಥರ ಕಾಣುವುದು ಇದಕ್ಕೇ. ಕೋಲನ್ ತೆಗೆದು ನೋಡಿ, ಕನ್ನಡದ ಹೆಸರು ಪೂರ್ತಿಯಾಗಿ ಬರುತ್ತದೆ.

ಲಿನಕ್ಸ್ ಡಿಸ್ಕಿನಲ್ಲಿ ಅಸಲಿ ಹೆಸರು ಇದ್ದೇ ಇರುತ್ತದೆ, ಹಾಗಿದ್ದರೆ ಚಿಂತೆ ಯಾಕೆ ಅನ್ನಬಹುದು. ಆದರೆ ವಿಂಡೋಸ್‌ನಿಂದ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಮೋಟು ಹೆಸರೇ ಹೋಗುವುದು. ಆ ಕಾಪಿಗೆ ಇನ್ನು ಅದೇ ಹೆಸರು. ‘ಪದ್ಯ’ ಅಂತ ಹುಡುಕಿದರೆ ಸಿಗುವುದಿಲ್ಲ. ವರ್ಗವಾಗಿ ಬಂದ ಟೀಚರ್ ಒಂದೊಂದನ್ನೇ ತೆರೆದು ನೋಡುತ್ತಾ ಕೂರಬೇಕು. ಕನ್ನಡ ಮಾಧ್ಯಮದ ನೋಟ್ಸು, ಪ್ರಶ್ನೆಪತ್ರಿಕೆ ನಮ್ಮಲ್ಲಿ ಮಲಯಾಳದಷ್ಟು ಸುಲಭವಾಗಿ ಸಿಗುವುದಿಲ್ಲ ಅಲ್ವಾ? ಇವೆಲ್ಲ ಟೀಚರ್‌ಗಳು ಮನೆಕೆಲಸ ಮುಗಿಸಿ ರಾತ್ರಿ ಕೂತು ಟೈಪ್ ಮಾಡಿದವು. ಹೆಸರು ಹೋದರೆ ಆ ಕೆಲಸವೂ ಹೋದ ಹಾಗೆಯೇ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಕನ್ನಡಕ್ಕೆ ನಿಜವಾಗಿ ಇರುವ ಮಿತಿ ಬೇರೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಹೆಸರಿಗೆ 255 ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ) ಜಾಗ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆಗೂ 3 ಬೈಟ್ ಬೇಕು. ‘ಸ್ತ್ರೀ’ ಅಂತ ಬರೆದರೆ 18 ಬೈಟ್ ಮುಗಿಯಿತು. ಪಾಠದ ಹೆಸರು, ತರಗತಿ, ವರ್ಷ ಬರೆಯಲು ಇಷ್ಟು ಧಾರಾಳ ಸಾಕು. ಇಡೀ ವಾಕ್ಯ ಬರೆಯುವ ಅಭ್ಯಾಸ ಇರುವವರು ಸ್ವಲ್ಪ ಕೈ ಬಿಗಿ ಹಿಡಿಯಬೇಕು, ಅಷ್ಟೇ.

ಎಸ್‌ಐಟಿಸಿ (ಶಾಲೆಯ ಐಟಿ ಸಂಯೋಜಕ) ಟೀಚರ್‌ಗಳಲ್ಲಿ ಒಂದು ವಿನಂತಿ. ಶೇರ್ ಫೋಲ್ಡರಿನಲ್ಲಿ ಕೋಲನ್, ಪ್ರಶ್ನಾರ್ಥಕ ಇರುವ ಹೆಸರುಗಳನ್ನು ಲಿನಕ್ಸ್ ಕಂಪ್ಯೂಟರಿನಲ್ಲೇ ಹುಡುಕಿ, ಆ ಚಿಹ್ನೆಯ ಬದಲು ಸಣ್ಣ ಗೆರೆ (-) ಹಾಕಿ. ಸಾಂಬಾದ ಸೆಟ್ಟಿಂಗ್ ಗೊತ್ತಿದ್ದವರು ಅದರ ಕೇಟಿಯಾ ಮಾಡ್ಯೂಲ್ ಹಾಕಿ, ಯಾವ ಚಿಹ್ನೆಗೆ ಬದಲು ಯಾವುದು ಅಂತ ಬರೆದುಕೊಟ್ಟರೆ ಈ ಚಿಹ್ನೆಗಳನ್ನು ಅದೇ ಬದಲಾಯಿಸಿ ತೋರಿಸುತ್ತದೆ. ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯುವುದು ಇದೆಲ್ಲ ಆದ ಮೇಲೆ. ಮತ್ತೆ, ಹೊಸದಾಗಿ ಬಂದ ಟೀಚರ್‌ಗಳಿಗೆ ‘ಇಂಗ್ಲಿಷಿನಲ್ಲಿ ಹೆಸರಿಡಿ’ ಅಂತ ದಯವಿಟ್ಟು ಹೇಳಬೇಡಿ.